ಹೊಸ ಸರ್ವರ್ ಬಂದಿದೆ, ಹಳೆ ವರ್ಡ್ ಫೈಲ್ ತೆರೆಯೋಕೆ ಮಾತ್ರ ಅರ್ಧ ನಿಮಿಷ

ಧಾರವಾಡ ಗುಮಾಸ್ತ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತನಾಗಿದ್ದೇನೆ. ಕಂಪ್ಯೂಟರ್ ಕಲಿತವನಲ್ಲ. ಆದರೆ ಪ್ರಿಂಟರ್‌ನಲ್ಲಿ ಹಾಳೆ ಸಿಕ್ಕಿಕೊಂಡರೂ, ಇಂಟರ್ನೆಟ್ ಹೋದರೂ ಆಫೀಸಿನಲ್ಲಿ ನನ್ನ ಹೆಸರನ್ನೇ ಕೂಗುತ್ತಾರೆ. ಹಾಗಾಗಿ ಈ ತಲೆನೋವೂ ನನ್ನ ಪಾಲಿಗೇ ಬಂದಿದೆ.

ನಮ್ಮಲ್ಲಿ 12 ಕಂಪ್ಯೂಟರ್ ಇವೆ. 2008ರಲ್ಲಿ ಇಲ್ಲಿಗೆ ಹೈಕೋರ್ಟ್ ಪೀಠ ಬಂದ ಮೇಲೆ ಕೆಲಸ ಜಾಸ್ತಿಯಾಯಿತು. ಆಮೇಲೆ ಒಂದು ಸಾದಾ ಕಂಪ್ಯೂಟರನ್ನೇ ಸರ್ವರ್ ಅಂತ ಮಾಡಿಕೊಂಡು ಎಲ್ಲ ಫೈಲ್ ಅದರಲ್ಲೇ ಇಡುತ್ತಾ ಬಂದೆವು. ವಿಂಡೋಸ್ 7, ಒಂದು ಫೋಲ್ಡರ್ ಶೇರ್ ಮಾಡಿದ್ದು, ಅಷ್ಟೇ. ಅದರ ಹೆಸರೂ ‘ಸರ್ವರ್-ಪಿಸಿ’.

ಈಚೆಗೆ ಸಾಹೇಬರು ಕೊನೆಗೂ ದುಡ್ಡು ಬಿಚ್ಚಿದರು. ಹೊಸ ಟವರ್ ಸರ್ವರ್, 32 ಜಿಬಿ ರ‍್ಯಾಮ್, 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ಮಿರರ್ ಮಾಡಿದ್ದು (ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರುತ್ತದೆ), ವಿಂಡೋಸ್ ಸರ್ವರ್ 2022. ಹಾಕಿಕೊಟ್ಟವರು ಡೊಮೇನ್ ಮಾಡಿದ್ದೇವೆ, ಅಂದರೆ ಎಲ್ಲರ ಲಾಗಿನ್ ಇನ್ನು ಸರ್ವರ್‌ನಿಂದಲೇ, ಅಂದರು. ಎಲ್ಲರಿಗೂ ಬೇರೆ ಬೇರೆ ಯೂಸರ್ ಹೆಸರು, ಪಾಸ್‌ವರ್ಡ್ ಕೊಟ್ಟರು. ಡಾಟಾ ಪೂರ್ತಿ ಕಾಪಿ ಮಾಡಿದರು. ಹಳೆಯದನ್ನು ಆಫ್ ಮಾಡಿ ಟೇಬಲ್ ಕೆಳಗೆ ತಳ್ಳಿ ಹೋದರು.

ಈಗ ಸಮಸ್ಯೆ ಕೇಳಿ.

ವರ್ಡ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವರ್ಡ್‌ನ ನೀಲಿ ಚೌಕ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಅರ್ಧ ನಿಮಿಷ, ಕೆಲವು ಸಲ ಇನ್ನೂ ಜಾಸ್ತಿ. ಆಮೇಲೆ ಏನೂ ಆಗದ ಹಾಗೆ ಫೈಲ್ ತೆರೆಯುತ್ತದೆ. ಒಮ್ಮೆ ತೆರೆದ ಮೇಲೆ ಟೈಪ್ ಮಾಡೋಕೆ ತೊಂದರೆ ಇಲ್ಲ. ಸೇವ್ ಒತ್ತಿದರೆ ಮತ್ತೆ ಸ್ವಲ್ಪ ತಡೆ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು, 300 ಪುಟದವೂ ಕೂಡ, ಚಕ್ ಅಂತ ತೆರೆಯುತ್ತವೆ. ಟೈಪಿಸ್ಟ್ ಅಕ್ಕನ ಕೋಣೆಯ ಕಂಪ್ಯೂಟರ್‌ನಲ್ಲಿ ಮಾತ್ರ ಪಿಡಿಎಫ್ ಕೂಡ ನಿಧಾನ.

ಹಾಕಿಕೊಟ್ಟವರನ್ನು ಕೇಳಿದರೆ ‘ಸರ್ವರ್ ಟಾಪ್ ಇದೆ, ನಿಮ್ಮ ಕೇಬಲ್ ಹಳೆಯದು, ಇಡೀ ಆಫೀಸಿಗೆ ಹೊಸ ವೈರಿಂಗ್ ಮಾಡಿಸಿ’ ಅನ್ನುತ್ತಾರೆ. ಇನ್ನೊಬ್ಬರು ಬಂದು ನೋಡಿ, ಎಲ್ಲ ಕೇಬಲ್ ಬಂದು ಸೇರುವ ನೆಟ್‌ವರ್ಕ್ ಪೆಟ್ಟಿಗೆ ತೋರಿಸಿ ‘ಸ್ವಿಚ್ ಬದಲಿಸಿ’ ಅಂದರು. ಸಾಹೇಬರಂತೂ ‘ಇಷ್ಟು ದುಡ್ಡು ಕೊಟ್ಟಿದ್ದು ಕಾಯೋಕಾ?’ ಅಂತ ಶುರು ಮಾಡಿದ್ದಾರೆ. ನಾಳೆ ಕೋರ್ಟಿಗೆ ಕೈಫಿಯತ್ತು (ಲಿಖಿತ ಉತ್ತರ) ಹಾಕಬೇಕು, ಇವತ್ತು ಹಳೆಯ ಕರಡು ತೆರೆಯೋಕೆ ಒದ್ದಾಟ. ಯಾರಾದರೂ ದಾರಿ ಹೇಳಿ.

ಎಸ್‌ಎಸ್‌ಡಿ ಪ್ರಿಯ

2025 ದಾಟಿದ ಮೇಲೂ ಸರ್ವರ್‌ಗೆ ಹಾರ್ಡ್ ಡಿಸ್ಕ್ ಹಾಕಿಕೊಟ್ಟಿದ್ದಾರಾ? ಅದಕ್ಕಿಂತ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ ಸರ್, ಎಲ್ಲ ಸರಿಹೋಗುತ್ತದೆ.

ಮೈಸೂರು ಸಿಸ್ಟಮ್ ಅಡ್ಮಿನ್

ನನಗೆ ಆಂಟಿವೈರಸ್ ಮೇಲೆ ಅನುಮಾನ. ಸರ್ವರ್‌ನಲ್ಲೂ ಸ್ಕ್ಯಾನ್, ನಿಮ್ಮ ಕಂಪ್ಯೂಟರ್‌ನಲ್ಲೂ ಸ್ಕ್ಯಾನ್ ಆದರೆ ಪ್ರತಿ ಫೈಲ್‌ಗೂ ಎರಡು ತಪಾಸಣೆ. ಇನ್ನೊಂದು, ಡೊಮೇನ್ ಕಂಟ್ರೋಲರ್‌ನಲ್ಲಿ (ಡೊಮೇನ್ ನಡೆಸುವ ಸರ್ವರ್) ಎಸ್‌ಎಂಬಿ ಸೈನಿಂಗ್, ಅಂದರೆ ಫೈಲ್ ಹಂಚುವ ಎಸ್‌ಎಂಬಿ ಭಾಷೆಯ ಪ್ರತಿ ಮಾತಿಗೂ ಸಹಿ, ಕಡ್ಡಾಯ ಆಗಿರುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿ ಕೂಡ ಅದನ್ನು ಕೇಳುತ್ತದೆ. ಅದಕ್ಕೂ ಸ್ವಲ್ಪ ವೇಗ ಹೋಗುತ್ತದೆ.

ಹಳೆ ಹುಲಿ

ಸುಮ್ನೆ ಎಸ್‌ಎಂಬಿ 1 ಆನ್ ಮಾಡಿ ನೋಡಿ. ಹಳೆ ವಿಂಡೋಸ್ 7ನಲ್ಲಿ ಅದೇ ಇತ್ತು, ಅದಕ್ಕೇ ಫಾಸ್ಟ್ ಇತ್ತು.

ಕ್ರಿಂಪಿಂಗ್ ಟೂಲ್

ಮೊದಲು ಮೇಲಿನ ಮಾತಿಗೆ ಉತ್ತರ. ಎಸ್‌ಎಂಬಿ 1 ಆನ್ ಮಾಡಲೇಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಅಷ್ಟು ಆಸ್ಪತ್ರೆ, ಆಫೀಸುಗಳ ಫೈಲ್ ಬೀಗ ಹಾಕಿದ್ದು ಆ ಬಾಗಿಲಿನಿಂದಲೇ. ವಕೀಲರ ಆಫೀಸು, ಕಕ್ಷಿದಾರರ ಕಾಗದ ಇರುವ ಜಾಗ. ಅಲ್ಲದೆ ವಿಂಡೋಸ್ 7 ಮಾತಾಡುತ್ತಿದ್ದದ್ದು ಎಸ್‌ಎಂಬಿ 2ರಲ್ಲಿ. ಹಾಗಾಗಿ ಆ ಲೆಕ್ಕವೂ ತಾಳೆ ಆಗುವುದಿಲ್ಲ.

ಗುಮಾಸ್ತರೇ, ನಾನು ಹುಬ್ಬಳ್ಳಿಯವನು. ಹುಬ್ಬಳ್ಳಿ-ಧಾರವಾಡದ ಆಫೀಸುಗಳಲ್ಲಿ ಕೇಬಲ್ ಎಳೆಯುವುದು, ಸರ್ವರ್ ಕೂರಿಸುವುದೇ ನನ್ನ ಹೊಟ್ಟೆಪಾಡು. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ, ನೋಡ್ರಿ. 300 ಪುಟದ ಪಿಡಿಎಫ್ ಚಕ್ ಅಂತ ಬರುತ್ತದೆ, ಎರಡು ಪುಟದ ವರ್ಡ್ ಫೈಲ್‌ಗೆ ಅರ್ಧ ನಿಮಿಷ. ಡಿಸ್ಕ್ ನಿಧಾನ ಇದ್ದಿದ್ದರೆ, ಸ್ವಿಚ್ ಕೆಟ್ಟಿದ್ದರೆ, ದೊಡ್ಡ ಫೈಲ್ ಮೊದಲು ಒದ್ದಾಡಬೇಕಿತ್ತು ಅಲ್ವಾ? ಅಂದರೆ ಡಾಟಾ ಹರಿಯುವುದರಲ್ಲಿ ತೊಂದರೆ ಇಲ್ಲ. ವರ್ಡ್ ಯಾರನ್ನೋ ಕಾಯುತ್ತಿದೆ. ಯಾರನ್ನು ಅನ್ನುವುದು ಪ್ರಶ್ನೆ.

ದುಡ್ಡು ಖರ್ಚು ಮಾಡುವ ಮೊದಲು ಇಷ್ಟು ಮಾಡಿ ನೋಡಿ.

ನಿಧಾನ ತೆರೆಯುವ ಒಂದು ಹಳೆಯ ವರ್ಡ್ ಫೈಲನ್ನು ನಿಮ್ಮ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಕೊಳ್ಳಿ. ಅಲ್ಲಿಂದ ತೆರೆಯಿರಿ. ಈಗ ಫೈಲ್ ನಿಮ್ಮ ಡಿಸ್ಕ್‌ನಲ್ಲೇ ಇದೆ, ಸರ್ವರ್‌ಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ಅರ್ಧ ನಿಮಿಷ ತೆಗೆದುಕೊಂಡರೆ ಹೊಸ ಸರ್ವರ್ ನಿರಪರಾಧಿ.

ಹೊಸದಾಗಿ ಒಂದು ಖಾಲಿ ವರ್ಡ್ ಫೈಲ್ ಮಾಡಿ, ಎರಡು ಸಾಲು ಬರೆದು ಸರ್ವರ್‌ನಲ್ಲಿ ಸೇವ್ ಮಾಡಿ, ಮುಚ್ಚಿ ತೆರೆಯಿರಿ. ಅದು ಹೇಗೆ ಬರುತ್ತದೆ ಹೇಳಿ.

ಕೊನೆಗೆ, ಒಂದು ಜಿಬಿ ಸುಮಾರಿನ ಯಾವುದಾದರೂ ಒಂದೇ ಫೈಲನ್ನು ಸರ್ವರ್‌ನಿಂದ ನಿಮ್ಮ ಕಂಪ್ಯೂಟರ್‌ಗೂ, ಟೈಪಿಸ್ಟ್ ಅಕ್ಕನ ಕಂಪ್ಯೂಟರ್‌ಗೂ ಕಾಪಿ ಮಾಡಿ. ಕಾಪಿ ಆಗುವಾಗ ‘ಮೋರ್ ಡೀಟೇಲ್ಸ್’ ಒತ್ತಿದರೆ ವೇಗ ಕಾಣುತ್ತದೆ. ಸೆಕೆಂಡಿಗೆ 110 ಎಂಬಿ ಹತ್ತಿರ ಇದ್ದರೆ ಗಿಗಾಬಿಟ್ ಲೈನ್ (ಸೆಕೆಂಡಿಗೆ 1000 ಮೆಗಾಬಿಟ್) ಸರಿಯಾಗಿದೆ. 11 ಎಂಬಿ ಹತ್ತಿರ ನಿಂತರೆ ಲೈನ್ 100 ಎಂಬಿಪಿಎಸ್‌ಗೆ (ಸೆಕೆಂಡಿಗೆ 100 ಮೆಗಾಬಿಟ್, ಬೈಟ್ ಅಲ್ಲ) ಇಳಿದಿದೆ ಅಂತ ಅರ್ಥ.

ಧಾರವಾಡ ಗುಮಾಸ್ತ

ಸರ್, ನೀವು ಹೇಳಿದಂತೆ ಮಾಡಿದೆ. ಆಶ್ಚರ್ಯ! ಡೆಸ್ಕ್‌ಟಾಪ್‌ನಲ್ಲಿ ಇಟ್ಟ ಫೈಲ್ ಕೂಡ ಅಷ್ಟೇ ನಿಧಾನ. ಹೊಸದಾಗಿ ಮಾಡಿದ ಫೈಲ್ ಸರ್ವರ್‌ನಿಂದಲೇ ತೆರೆದರೂ ತಕ್ಷಣ ಬಂತು.

ಇನ್ನೊಂದು ವಿಷಯ. ಹಳೆಯ ಫೈಲ್‌ಗಳಲ್ಲೂ ಎಲ್ಲವೂ ನಿಧಾನ ಇಲ್ಲ. ಹೈಕೋರ್ಟ್ ಅರ್ಜಿಗಳು, ಪ್ರಮಾಣಪತ್ರಗಳು, ಆಫೀಸಿನ ಲೆಟರ್‌ಹೆಡ್‌ನಲ್ಲಿ ಹೋದ ನೋಟಿಸುಗಳು ನಿಧಾನ. ನಾನು ಸ್ವಂತಕ್ಕೆ ಬರೆದ ಪಟ್ಟಿಗಳು, ದಿನಾಂಕದ ಲೆಕ್ಕಗಳು ಬೇಗ ಬರುತ್ತವೆ. ಇದನ್ನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ.

ವೇಗ: ನನ್ನದರಲ್ಲಿ 108ರ ಸುತ್ತ. ಅಕ್ಕನ ಕಂಪ್ಯೂಟರ್‌ನಲ್ಲಿ 11.2. ಅಲುಗಾಡದೆ ಅಲ್ಲೇ ನಿಂತಿತ್ತು.

ಕ್ರಿಂಪಿಂಗ್ ಟೂಲ್

ಸಿಕ್ಕಿತು. ನಿಮ್ಮಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ, ಒಂದೇ ಅಂತ ಎಲ್ಲರೂ ನೋಡುತ್ತಿದ್ದಾರೆ.

ಮೊದಲನೆಯದು ವರ್ಡ್. ಲೆಟರ್‌ಹೆಡ್‌ಗೆ, ಹೈಕೋರ್ಟ್ ಅರ್ಜಿಗೆ ಒಂದು ಟೆಂಪ್ಲೇಟ್ (ಅಚ್ಚಿನ ಹಾಗೆ ಬಳಸುವ ಮಾದರಿ ಫೈಲ್) ಮಾಡಿ ಹಳೆಯ ಸರ್ವರ್‌ನಲ್ಲಿ ಇಟ್ಟಿದ್ದಿರಬೇಕು. ಮಾರ್ಜಿನ್, ಲೀಗಲ್ ಸೈಜ್, ಮೇಲೆ ಸಾಹೇಬರ ಹೆಸರು, ನುಡಿ ಫಾಂಟ್, ಎಲ್ಲ ಸೆಟ್ ಮಾಡಿದ್ದು. ಹೌದಾ? ಆ ಟೆಂಪ್ಲೇಟ್‌ನಿಂದ ಹುಟ್ಟಿದ ಪ್ರತಿ ಫೈಲ್‌ ಒಳಗೂ ಅದರ ಪೂರ್ತಿ ವಿಳಾಸ ಬರೆದಿರುತ್ತದೆ. ‘ಸರ್ವರ್-ಪಿಸಿ’ಯ ಇಂಥ ಶೇರ್, ಇಂಥ ಫೋಲ್ಡರ್, ಇಂಥ ಟೆಂಪ್ಲೇಟ್ ಅಂತ. ಫೈಲನ್ನು ಎಲ್ಲಿಗೇ ಒಯ್ದರೂ ಆ ವಿಳಾಸ ಜೊತೆಗೇ ಬರುತ್ತದೆ. ವರ್ಡ್ ಫೈಲ್ ತೆರೆಯುವಾಗ ಆ ಟೆಂಪ್ಲೇಟನ್ನು ಹುಡುಕುತ್ತದೆ. ಸರ್ವರ್-ಪಿಸಿ ಟೇಬಲ್ ಕೆಳಗೆ ಆಫ್ ಆಗಿ ಮಲಗಿದೆ. ವಿಂಡೋಸ್ ಮೊದಲು ಡಿಎನ್‌ಎಸ್‌ (ಕಂಪ್ಯೂಟರ್ ಹೆಸರಿಗೆ ಅದರ ನಂಬರ್ ಹೇಳುವ ಪಟ್ಟಿ) ಕೇಳುತ್ತದೆ, ಅಲ್ಲಿ ಇಲ್ಲ. ಆಮೇಲೆ ಇಡೀ ನೆಟ್‌ವರ್ಕ್‌ಗೆ ‘ಸರ್ವರ್-ಪಿಸಿ ಯಾರು?’ ಅಂತ ಕೂಗುತ್ತದೆ, ಉತ್ತರ ಇಲ್ಲ. ಮತ್ತೆ ಕೂಗುತ್ತದೆ. ಎಲ್ಲ ದಾರಿ ಮುಗಿದ ಮೇಲೆ ಟೆಂಪ್ಲೇಟ್ ಇಲ್ಲದೆಯೇ ಫೈಲ್ ತೋರಿಸುತ್ತದೆ. ಆ ಅರ್ಧ ನಿಮಿಷ ಹೋಗುವುದು ಅಲ್ಲಿ. ವರ್ಡ್ ಒಂದು ಎರರ್ ಕೂಡ ತೋರಿಸುವುದಿಲ್ಲ. ತೋರಿಸಿದ್ದಿದ್ದರೆ ಇಷ್ಟು ಜನ ಸ್ವಿಚ್ ಬದಲಿಸಿ ಅನ್ನುತ್ತಿರಲಿಲ್ಲ.

ಕಣ್ಣಾರೆ ನೋಡಬೇಕಾ? ನಿಧಾನದ ಫೈಲ್ ತೆರೆದು ಫೈಲ್ ಮೆನು, ಆಪ್ಷನ್ಸ್, ಆ್ಯಡ್-ಇನ್ಸ್‌ಗೆ ಹೋಗಿ. ಕೆಳಗೆ ‘ಮ್ಯಾನೇಜ್’ ಅಂತ ಇರುವ ಕಡೆ ‘ಟೆಂಪ್ಲೇಟ್ಸ್’ ಆರಿಸಿ ‘ಗೋ’ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಮೇಲೆಯೇ ಟೆಂಪ್ಲೇಟ್‌ನ ವಿಳಾಸ ಇರುತ್ತದೆ. ಹೊಸ ಖಾಲಿ ಫೈಲ್‌ನಲ್ಲಿ ಅದೇ ಜಾಗದಲ್ಲಿ ಬರೀ ‘ನಾರ್ಮಲ್’ ಅಂತ ಇರುತ್ತದೆ.

ಇನ್ನೂ ನಂಬಿಕೆ ಬರದಿದ್ದರೆ ಹಳೆಯ ಪಿಸಿಗೆ ಕರೆಂಟ್, ನೆಟ್‌ವರ್ಕ್ ಕೇಬಲ್ ಕೊಟ್ಟು ಹತ್ತು ನಿಮಿಷ ಆನ್ ಮಾಡಿ. ಅದರಲ್ಲಿ ಯಾರೂ ಏನೂ ಸೇವ್ ಮಾಡಬಾರದು, ಅದೊಂದು ಎಚ್ಚರ. ಅದು ಆನ್ ಇದ್ದಾಗ ಫೈಲ್‌ಗಳು ಬೇಗ ತೆರೆದರೆ ಕೇಸ್ ಮುಗಿಯಿತು.

ಎರಡನೆಯದು ಅಕ್ಕನ ಕೋಣೆ. 11.2 ಅಂದರೆ 100 ಎಂಬಿಪಿಎಸ್ ಲೈನ್. ಗಿಗಾಬಿಟ್‌ಗೆ ಕೇಬಲ್‌ನ ಎಂಟೂ ತಂತಿ ಬೇಕು. 100ಕ್ಕೆ ನಾಲ್ಕೇ ಸಾಕು: 1, 2, 3, 6ನೇ ಪಿನ್. ಉಳಿದ ನಾಲ್ಕರಲ್ಲಿ ಒಂದು ಕಡಿದಿದ್ದರೂ ಕಂಪ್ಯೂಟರ್‌ನ ನೆಟ್‌ವರ್ಕ್ ಕಾರ್ಡ್ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ಗೋಡೆಯಿಂದ ಕಂಪ್ಯೂಟರ್‌ಗೆ ಇರುವ ಚಿಕ್ಕ ಕೇಬಲ್ (ಪ್ಯಾಚ್ ಕಾರ್ಡ್) ಬದಲಿಸಿ ನೋಡಿ. ಹೋಗಲಿಲ್ಲ ಅಂದರೆ ಗೋಡೆಯ ಬಾಕ್ಸ್ ಬಿಚ್ಚಿ ಫೋಟೋ ಹಾಕಿ. ಇದಕ್ಕೆ ಇಡೀ ಆಫೀಸಿನ ವೈರಿಂಗ್ ಕಿತ್ತು ಹಾಕಬೇಕಿಲ್ಲ.

ಧಾರವಾಡ ಗುಮಾಸ್ತ

ಹಳೆಯ ಪಿಸಿ ಆನ್ ಮಾಡಿದೆ ಸರ್. ಅದು ಪೂರ್ತಿ ಏಳುವಷ್ಟರಲ್ಲಿ ಒಂದು ಚಹಾ ಆಯಿತು. ಆಮೇಲೆ ಅದೇ ಪ್ರಮಾಣಪತ್ರದ ಫೈಲ್ ಒತ್ತಿದೆ, ಕ್ಲಿಕ್ ಮಾಡಿದ ಕೂಡಲೇ ತೆರೆಯಿತು. ಜೂನಿಯರ್ ವಕೀಲರು ಪಕ್ಕದಲ್ಲೇ ನಿಂತಿದ್ದರು, ‘ಹಂಗಾದ್ರ ಹೊಸಾದು ವಾಪಸ್ ಕೊಡೋಣೇನು’ ಅಂತ ನಕ್ಕರು. ನೀವು ಹೇಳಿದ ಪೆಟ್ಟಿಗೆಯಲ್ಲಿ ವಿಳಾಸವೂ ಸಿಕ್ಕಿತು. ಸರ್ವರ್-ಪಿಸಿ, ‘ಆಫೀಸ್’ ಅನ್ನುವ ಶೇರ್, ಅದರೊಳಗೆ ‘ಮಾದರಿ’ ಫೋಲ್ಡರ್, ಅದರಲ್ಲಿ ಲೆಟರ್‌ಹೆಡ್. 2009ರಲ್ಲಿ ಆಗಿನ ಟೈಪಿಸ್ಟ್ ಒಬ್ಬರು ಮಾಡಿಟ್ಟಿದ್ದು. ಅವರು ನಿವೃತ್ತರಾಗಿ ಹೋದರು, ವಿಳಾಸ ಉಳಿದಿದೆ.

ಅಕ್ಕನ ಕೋಣೆಯದು ಇನ್ನೂ ಮಜಾ. ಪ್ಯಾಚ್ ಕಾರ್ಡ್ ಬದಲಿಸಿದರೂ ಅಷ್ಟೇ ಇತ್ತು. ಗೋಡೆಯ ಬಾಕ್ಸ್ ಬಿಚ್ಚಿದರೆ ನೀಲಿ ಮತ್ತು ನೀಲಿ-ಬಿಳಿ ತಂತಿ ಜ್ಯಾಕ್‌ಗೆ ಹೋಗಿಯೇ ಇಲ್ಲ. ಅವೆರಡನ್ನು ಪಕ್ಕಕ್ಕೆ ಎಳೆದು, ಟೇಪ್ ಸುತ್ತಿ, ಸಾಹೇಬರ ಕೋಣೆಯಿಂದ ಬರುವ ಇಂಟರ್‌ಕಾಮ್ ಫೋನಿಗೆ ಕೊಟ್ಟಿದ್ದಾರೆ! ಬಣ್ಣ ಹಚ್ಚಿಸುವಾಗ ಬಂದ ಎಲೆಕ್ಟ್ರಿಷಿಯನ್ ಕೆಲಸ ಇರಬೇಕು. ಈಗ ಇಂಟರ್‌ಕಾಮ್ ಕಿತ್ತರೆ ಸಾಹೇಬರು ಬೈಯುತ್ತಾರೆ, ಬಿಟ್ಟರೆ ಅಕ್ಕ ಬೈಯುತ್ತಾರೆ.

ಈ ಟೆಂಪ್ಲೇಟ್ ವಿಳಾಸ ಇರುವ ಫೈಲ್‌ಗಳು ಸಾವಿರಗಟ್ಟಲೆ ಇವೆ. ಒಂದೊಂದಾಗಿ ತೆರೆದು ಬದಲಿಸೋಕೆ ಆಗುತ್ತದಾ?

ಕ್ರಿಂಪಿಂಗ್ ಟೂಲ್

ನೀಲಿ ಜೋಡಿ ಅಂದರೆ 4, 5ನೇ ಪಿನ್. ಒಂದೇ ಕೇಬಲ್‌ನಲ್ಲಿ ಕಂಪ್ಯೂಟರ್, ಫೋನ್ ಎರಡನ್ನೂ ಓಡಿಸುವುದು ನಮ್ಮ ಕಡೆ ಹಳೆಯ ಚಾಳಿ. 100ರ ಕಾಲದಲ್ಲಿ ನಡೆಯುತ್ತಿತ್ತು. ಆ ಕೋಣೆಗೆ ಇನ್ನೊಂದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಸಿ, ಇಂಟರ್‌ಕಾಮ್ ಹಳೆಯದರಲ್ಲೇ ಇರಲಿ. ಒಂದು ಕೇಬಲ್, ಎರಡು ಜ್ಯಾಕ್, ಒಂದು ಗಂಟೆಯ ಕೆಲಸ.

ಫೈಲ್‌ಗಳನ್ನು ಒಂದೊಂದಾಗಿ ಬದಲಿಸಬೇಡಿ. ಹೊಸ ಸರ್ವರ್‌ಗೇ ಹಳೆಯ ಹೆಸರನ್ನು ಎರಡನೇ ಹೆಸರಾಗಿ ಕೊಟ್ಟರೆ ಮುಗಿಯಿತು. ಯಾರಾದರೂ ‘ಸರ್ವರ್-ಪಿಸಿ’ ಅಂತ ಕೂಗಿದರೆ ಅದೇ ‘ಬಂದೆ’ ಅನ್ನಬೇಕು. ಇದನ್ನು ಹಾಕಿಕೊಟ್ಟವರಿಂದಲೇ ಮಾಡಿಸಿ, ಡೊಮೇನ್ ಕಂಟ್ರೋಲರ್ ವಿಷಯ, ಮೊದಲು ಬ್ಯಾಕಪ್ ತೆಗೆಯಲಿ. ಅವರಿಗೆ ‘ನೆಟ್‌ಡಮ್ ಕಂಪ್ಯೂಟರ್‌ನೇಮ್ ಕಮಾಂಡ್‌ನಲ್ಲಿ ಹಳೆಯ ಹೆಸರು ಆ್ಯಡ್ ಮಾಡಿ’ ಅಂದರೆ ಸಾಕು. ಡಿಎನ್‌ಎಸ್‌ನಲ್ಲಿ ಬರೀ ಅಲಿಯಾಸ್ (ಅಡ್ಡಹೆಸರು) ಬರೆದರೆ ಕೆಲವು ಕಡೆ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ. ನೆಟ್‌ಡಮ್‌ನಲ್ಲಿ ಮಾಡಿದರೆ ಲಾಗಿನ್‌ಗೆ ಬೇಕಾದ ಹೆಸರೂ ಸೇರಿಕೊಳ್ಳುತ್ತದೆ.

ಅದರ ಜೊತೆಗೆ ಶೇರ್ ಹೆಸರು ‘ಆಫೀಸ್’ ಅಂತಲೇ ಇರಬೇಕು, ಒಳಗೆ ‘ಮಾದರಿ’ ಫೋಲ್ಡರ್, ಅದರಲ್ಲಿ ಅದೇ ಹೆಸರಿನ ಟೆಂಪ್ಲೇಟ್ ಇರಬೇಕು. ಹೆಸರು ಕೊಟ್ಟು ಶೇರ್ ಬೇರೆ ಇಟ್ಟರೆ ಏನೂ ಉಪಯೋಗ ಇಲ್ಲ. ಹಳೆಯ ಪಿಸಿಯನ್ನು ಇನ್ನು ಆ ಹೆಸರಿನಲ್ಲಿ ನೆಟ್‌ವರ್ಕ್‌ಗೆ ಹಚ್ಚಬೇಡಿ. ಒಂದೇ ಹೆಸರಿನ ಇಬ್ಬರು ಇದ್ದರೆ ಯಾರು ಓಗೊಡುತ್ತಾರೋ ಹೇಳೋಕೆ ಆಗಲ್ಲ.

ಇನ್ನೊಂದು ನೋಡಿ. ಪ್ರತಿ ಕಂಪ್ಯೂಟರ್‌ನಲ್ಲಿ ಡಿಎನ್‌ಎಸ್ ಸರ್ವರ್ ಅಂತ ಯಾವ ನಂಬರ್ ಇದೆ? ಅದು ಹೊಸ ಸರ್ವರ್‌ನ ಐಪಿ ಆಗಿರಬೇಕು. ರೌಟರ್‌ನದ್ದೋ, ಗೂಗಲ್‌ನ 8.8.8.8 ಅಂತಲೋ ಇದ್ದರೆ ಆ ಕಂಪ್ಯೂಟರ್‌ಗೆ ನಿಮ್ಮ ಡೊಮೇನ್ ಹೆಸರೇ ಗೊತ್ತಿರುವುದಿಲ್ಲ. ಎರಡನೇ ಡಿಎನ್‌ಎಸ್ ಅಂತಲೂ ಹೊರಗಿನ ನಂಬರ್ ಹಾಕಬೇಡಿ, ವಿಂಡೋಸ್ ಒಮ್ಮೆ ಅದರ ಕಡೆ ತಿರುಗಿದರೆ ಅಲ್ಲೇ ಕೇಳುತ್ತಾ ಇರುತ್ತದೆ.

ಎಕ್ಸೆಲ್ ಇದೆಯಾ? ಫೀಸಿನ ಲೆಕ್ಕ ಒಂದು ಫೈಲ್‌ನಿಂದ ಇನ್ನೊಂದಕ್ಕೆ ಲಿಂಕ್ ಇದ್ದರೆ ಅಲ್ಲೂ ಇದೇ ಕಥೆ. ಡಾಟಾ ಮೆನುವಿನ ಎಡಿಟ್ ಲಿಂಕ್ಸ್‌ನಲ್ಲಿ ಕಾಣುತ್ತದೆ. ಡೆಸ್ಕ್‌ಟಾಪ್ ಮೇಲಿನ ಹಳೆಯ ಶಾರ್ಟ್‌ಕಟ್, ಎಕ್ಸ್‌ಪ್ಲೋರರ್‌ನ ಎಡಗಡೆ ಪಿನ್ ಮಾಡಿದ ಹಳೆಯ ಫೋಲ್ಡರ್, ಕೆಂಪು ಗುರುತಿನ ಮ್ಯಾಪ್ ಡ್ರೈವ್, ಇವೆಲ್ಲ ತೆಗೆದುಹಾಕಿ. ಅವೂ ಸುಮ್ನೆ ಹುಡುಕುತ್ತಾ ಕೂರುತ್ತವೆ.

ಮೈಸೂರು ಸಿಸ್ಟಮ್ ಅಡ್ಮಿನ್

ಭೇಷ್. ಸೇವ್ ಮಾಡುವಾಗ ತಡೆ ಅಂದಿದ್ದಾರಲ್ಲ, ಅದು ಉಳಿಯಬಹುದು ಅನ್ನಿಸುತ್ತದೆ. ಸರ್ವರ್ ಅನ್ನು ಡೊಮೇನ್ ಕಂಟ್ರೋಲರ್ ಮಾಡಿದ ಕೂಡಲೇ ಆ್ಯಕ್ಟಿವ್ ಡೈರೆಕ್ಟರಿ (ಯೂಸರ್ ಹೆಸರು, ಪಾಸ್‌ವರ್ಡ್‌ಗಳ ಡಾಟಾಬೇಸ್) ಇರುವ ಡಿಸ್ಕ್‌ನ ರೈಟ್ ಕ್ಯಾಶ್ (ಬರೆಯುವುದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ವೇಗ ಕೊಡುವ ಮೆಮೊರಿ) ಅನ್ನು ವಿಂಡೋಸ್ ತಾನೇ ಆಫ್ ಮಾಡುತ್ತದೆ. ಕರೆಂಟ್ ಹೋದರೆ ಆ ಡಾಟಾಬೇಸ್ ಕೆಡಬಾರದು ಅಂತ. ಇವರದ್ದು ಎರಡೇ ಡಿಸ್ಕ್, ಮಿರರ್. ಅಂದರೆ ವಿಂಡೋಸ್, ಡೈರೆಕ್ಟರಿ, ಆಫೀಸಿನ ಫೈಲ್ ಎಲ್ಲ ಅದರಲ್ಲೇ. ಎಲ್ಲರ ಸೇವ್‌ಗೂ ಪೆಟ್ಟು ಬೀಳುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕ್‌ನ ಪಾಲಿಸೀಸ್ ಟ್ಯಾಬ್ ನೋಡಿ. ಟಿಕ್ ಹಾಕಿದರೂ ರೀಸ್ಟಾರ್ಟ್ ಆದ ಮೇಲೆ ಮತ್ತೆ ಹೋಗಿರುತ್ತದೆ.

ಕ್ರಿಂಪಿಂಗ್ ಟೂಲ್

ಇದು ಒಳ್ಳೆಯ ಮಾತು. ಎಸ್‌ಎಸ್‌ಡಿ ಹೇಳಿದವರಿಗೂ ಇಲ್ಲಿ ಕೆಲಸ ಇದೆ. ಚಿಕ್ಕ ಎಸ್‌ಎಸ್‌ಡಿ ಜೋಡಿ ಹಾಕಿಸಿ ವಿಂಡೋಸ್, ಡೈರೆಕ್ಟರಿ ಅದಕ್ಕೆ ಹೋಗಲಿ, ಆಫೀಸಿನ ಫೈಲ್ ಮಾತ್ರ ದೊಡ್ಡ ಡಿಸ್ಕ್‌ನಲ್ಲಿ ಇರಲಿ. ಆಗ ಫೈಲ್ ಡಿಸ್ಕ್‌ನ ಕ್ಯಾಶ್‌ಗೆ ವಿಂಡೋಸ್ ಕೈ ಹಾಕುವುದಿಲ್ಲ. ಆದರೆ ಯುಪಿಎಸ್ ಇಲ್ಲದೆ ಕ್ಯಾಶ್ ಆನ್ ಇಡಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಹೋಗಿ ಬರುತ್ತದೆ ಅಂತ ನಿಮಗೇ ಗೊತ್ತು. ಯುಪಿಎಸ್ ಬ್ಯಾಟರಿ ಮುಗಿಯುವ ಮೊದಲು ಸರ್ವರ್ ತಾನೇ ಶಟ್‌ಡೌನ್ ಆಗುವಂತೆ ಯುಎಸ್‌ಬಿ ಕೇಬಲ್ ಹಚ್ಚಿ ಸೆಟ್ ಮಾಡಿಸಿ. ಇದಕ್ಕೆ ಅವಸರ ಇಲ್ಲ, ಮೊದಲು ಹೆಸರಿನ ಕೆಲಸ ಆಗಲಿ.

ಧಾರವಾಡ ಗುಮಾಸ್ತ

ಹೆಸರು ಸೇರಿಸಿದರು ಸರ್. ಹಾಕಿಕೊಟ್ಟವರ ಹುಡುಗ ಬಂದಿದ್ದ, ನಿಮ್ಮ ಸಾಲುಗಳನ್ನೇ ತೋರಿಸಿದೆ. ಮೊದಲು ‘ಅದರಿಂದ ಏನೂ ಆಗಲ್ಲ’ ಅಂದ. ಹಳೆಯ ಪಿಸಿ ಆನ್ ಮಾಡಿ ತೋರಿಸಿದ ಮೇಲೆ ಸುಮ್ಮನಾದ. ಒಂಬತ್ತು ಕಂಪ್ಯೂಟರ್‌ಗಳಲ್ಲಿ ಅರ್ಜಿಗಳು ಈಗ ತಕ್ಷಣ ತೆರೆಯುತ್ತವೆ. ಮೂರರಲ್ಲಿ ಇನ್ನೂ ನಿಧಾನ ಇತ್ತು. ನೋಡಿದರೆ ಆ ಮೂರಕ್ಕೂ ಡಿಎನ್‌ಎಸ್ ರೌಟರ್‌ನದ್ದೇ ಇತ್ತು, ಅದನ್ನೂ ಸರಿ ಮಾಡಿಸಿದೆ. ಕೈಫಿಯತ್ತು ಹೊತ್ತಿಗೆ ಸರಿಯಾಗಿ ಹೋಯಿತು.

ಎಸ್‌ಎಸ್‌ಡಿಗೂ ಕೇಬಲ್‌ಗೂ ಕೊಟೇಶನ್ ತೆಗೆದುಕೊಂಡಿದ್ದೇನೆ. ಕೇಬಲ್‌ಗೆ ಸಾಹೇಬರು ಹೂಂ ಅಂದರು. ಎಸ್‌ಎಸ್‌ಡಿ ವಿಷಯ ದಸರಾ ರಜೆ ಬರಲಿ ಅಂದಿದ್ದಾರೆ.

ಒಂದು ಕೊನೆಯ ಪ್ರಶ್ನೆ. ಟೇಬಲ್ ಕೆಳಗಿನ ಹಳೆಯ ಪಿಸಿಯನ್ನು ಗುಜರಿಗೆ ಕೊಡಬಹುದಾ?

ಕ್ರಿಂಪಿಂಗ್ ಟೂಲ್

ಪಿಸಿ ಕೊಡಿ, ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ. ಅದರಲ್ಲಿ ಅಷ್ಟು ವರ್ಷದ ಕಕ್ಷಿದಾರರ ಕಾಗದ ಇದೆ, ಡಿಲೀಟ್ ಒತ್ತಿದರೂ ಹೋಗುವುದಿಲ್ಲ. ಮೇಲೆ ದಿನಾಂಕ ಬರೆದು ಬೀರುವಿನಲ್ಲಿ ಇಡಿ. ಹೊಸ ಸರ್ವರ್‌ನ ಬ್ಯಾಕಪ್‌ನಿಂದ ಒಂದೆರಡು ಫೋಲ್ಡರ್ ವಾಪಸ್ ತೆಗೆದು ನೋಡಿ, ಸರಿ ಬಂದ ಮೇಲೆ ಆ ಡಿಸ್ಕ್ ಏನು ಮಾಡುವುದು ಯೋಚಿಸೋಣ. ಬ್ಯಾಕಪ್ ಇದೆ ತಾನೇ? ಮಿರರ್ ಬ್ಯಾಕಪ್ ಅಲ್ಲ, ನೋಡ್ರಿ. ಒಂದರಲ್ಲಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ.

ಧಾರವಾಡ ಗುಮಾಸ್ತ

ಬ್ಯಾಕಪ್ ಇದೆ ಅಂದುಕೊಂಡಿದ್ದೆ. ಈಗಲೇ ಫೋನ್ ಹಚ್ಚಿ ಕೇಳುತ್ತೇನೆ.